ಅಡುಗೆಮನೆ ಹಿಂದಿನ ಬುರುಜು: ಮುಂಬೈ ಫೋರ್ಟಿನ ಒಂದು ಪ್ರಕರಣ

ಕಳೆದ ವರ್ಷ ಮೇ ಕೊನೆ. ಮಳೆಗೆ ಮುಂಚೆ ರಿಪೇರಿ ಮುಗಿಸುವ ಗಡಿಬಿಡಿ ಮುಂಬೈಯಲ್ಲಿ ಎಲ್ಲ ಕಡೆ ಇರುತ್ತದೆ. ದಕ್ಷಿಣ ಮುಂಬೈಯ ಫೋರ್ಟ್ ಅನ್ನುವ ಏರಿಯಾದ ಒಂದು ಉಡುಪಿ ಹೋಟೆಲಿನಿಂದ ನನಗೆ ಫೋನ್ ಬಂತು. "ಸರ್, ನಮ್ಮ ಹೋಟೆಲಿನ ಹಿಂದೆ ಕೋಟೆಯ ಬುರುಜು ಸಿಕ್ಕಿದೆ. ಒಮ್ಮೆ ಬಂದು ನೋಡಿ ಹೇಳಿ."

ಫೋನ್ ಮಾಡಿದವನು ಮಾಲೀಕರ ಅಳಿಯ, ಅಕ್ಕನ ಮಗ. ಮೂವತ್ತರ ಆಸುಪಾಸಿನ ಹುಡುಗ, ಚುರುಕು. ನನ್ನನ್ನು ಕರೆಯಲು ಕಾರಣವಿತ್ತು. ನಾನು ಹುಡುಗನಾಗಿದ್ದಾಗ ಇದೇ ಫೋರ್ಟಿನಲ್ಲಿ ಟೇಬಲ್ ಒರೆಸಿದವನು. ಹಗಲು ಕ್ಯಾಂಟೀನು, ರಾತ್ರಿ ಕನ್ನಡ ರಾತ್ರಿ ಶಾಲೆ. ಆಮೇಲೆ ಡ್ರಾಫ್ಟ್ಸ್‌ಮನ್ ಆಗಿ ಮೂವತ್ತು ವರ್ಷಕ್ಕೂ ಜಾಸ್ತಿ ಹಳೇ ಕಟ್ಟಡಗಳ ನಕ್ಷೆ ಬರೆದೆ. ಈಗ ನಿವೃತ್ತ. ಈ ಏರಿಯಾದಲ್ಲಿ ಕಲ್ಲು, ಗಾರೆ, ನಕ್ಷೆ ಅಂತ ಯಾರಾದರೂ ಮಾತೆತ್ತಿದರೆ ನನ್ನ ಹೆಸರು ಬರುತ್ತದೆ.

ಹೋಟೆಲು ಬಜಾರ್‌ಗೇಟ್ ಸ್ಟ್ರೀಟಿನ ಪಕ್ಕದ ಒಂದು ಸಣ್ಣ ಗಲ್ಲಿಯಲ್ಲಿದೆ. ಅಡುಗೆಮನೆ ಹಿಂದೆ ಗ್ರೈಂಡರ್ ಇಡುವ ಕೋಣೆ, ಅದರ ಹಿಂದೆ ಹೌಸ್‌ಗಲ್ಲಿ, ಅಂದರೆ ಎರಡು ಕಟ್ಟಡಗಳ ನಡುವಿನ ಸಂದು. ಆ ಕೋಣೆಯ ನೆಲ ಅಗೆದು ನೀರಿನ ಟಾಂಕಿ ಕೂರಿಸಬೇಕಿತ್ತು. ಎರಡು ಅಡಿ ಹೋಗುವಷ್ಟರಲ್ಲಿ ಗುದ್ದಲಿಗೆ ಕಲ್ಲು ತಗುಲಿತು. ಬಿಡಿಗಲ್ಲಲ್ಲ, ಕಟ್ಟಿದ ಕಲ್ಲು. ನಾಲ್ಕು ಅಡಿ ಹೋದಾಗ ಮೂರು ಸಾಲು ಕಂಡಿತು. ಸಾಲು ನೆಟ್ಟಗಿರಲಿಲ್ಲ, ಬಾಗಿತ್ತು.

ನಾನು ಹೋಗುವಷ್ಟರಲ್ಲಿ ಬೋರ್ಡಿನ ಒಕ್ಕಣೆ ಕೂಡ ತಯಾರಾಗಿತ್ತು. ಅಳಿಯ ಮೊಬೈಲಿನಲ್ಲಿ ತೋರಿಸಿದ: "ಮಧ್ಯಯುಗದ ಮುಂಬೈ ಕೋಟೆಯ ಕಾವಲು ಬುರುಜು ಇಲ್ಲಿತ್ತು." ಕೆಳಗೆ ಫಿಲ್ಟರ್ ಕಾಫಿಯ ಚಿತ್ರ. ಗುಂಡಿಯ ಮೇಲೆ ಗಾಜು ಹಾಕಿ ಒಳಗೆ ದೀಪ ಬಿಟ್ಟು, ಸುತ್ತ ನಾಲ್ಕು ಟೇಬಲ್ ಹಾಕುವ ಯೋಚನೆ ಅವನದು. ಸುಮ್ನೆ ಹೇಳಬಾರದು, ಐಡಿಯಾ ಚೆನ್ನಾಗಿಯೇ ಇತ್ತು.

ಮೂವರು, ಮೂರು ಮಾತು

ಗುಂಡಿಯ ಸುತ್ತ ಆ ದಿನ ಮೂರು ಅಭಿಪ್ರಾಯ ನಿಂತಿದ್ದವು.

ಅಳಿಯನ ವಾದ ಸರಳ. ಏರಿಯಾದ ಹೆಸರೇ ಫೋರ್ಟ್. ಕಲ್ಲು ಹಳೇದು, ಗಾರೆ ಸುಣ್ಣದ್ದು, ಗೋಡೆ ಗುಂಡಗೆ ಬಾಗಿದೆ. ಇನ್ನೇನು ಬೇಕು? ಅವನು ವಿಜಯಪುರಕ್ಕೆ ಪ್ರವಾಸ ಹೋಗಿ ಉಪ್ಪಲಿ ಬುರುಜು ಹತ್ತಿ ಬಂದವನು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಆ ಗುಂಡನೆಯ ಗೋಪುರ ಅವನ ಕಣ್ಣಲ್ಲಿ ಕೂತುಬಿಟ್ಟಿತ್ತು. ಬುರುಜು ಅಂದರೆ ಅವನಿಗೆ ಅದೇ.

ಎರಡನೆಯದು ಗೌಂಡಿಯ ಮಾತು. ಆತ ಯಾದಗಿರಿ ಕಡೆಯವನು. ಅಗೆದವನು ಅವನೇ. ನಾನು ಗುಂಡಿಗೆ ಬಗ್ಗಿ ನೋಡುವಾಗ ಬೀಡಿ ಆರಿಸಿ ಹೇಳಿದ, "ಸಾಹೇಬ್ರ, ಇದು ಬಾವಿ ಅದ ರೀ. ಮೊದಲನೇ ದಿನಾನೇ ಹೇಳೀನಿ. ಯಾರೂ ಕೇಳವಲ್ರು."

ಮೂರನೆಯವರು ಮಾಲೀಕರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ, ನಾನೂ. ಅವರು ಗಲ್ಲಾದಿಂದ ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬಾವಿ ಅಂತ ಮಾತ್ರ ಹೇಳಬೇಡಿ ಮಾರಾಯ್ರೇ. ಮುಚ್ಚಿದ ಬಾವಿ ಮೇಲೆ ನಲ್ವತ್ತು ವರ್ಷ ಅಡುಗೆ ಮಾಡಿದ್ದೇವೆ ಅಂತ ಗೊತ್ತಾದರೆ ಮನೆಯವಳು ನಾಳೆಯೇ ಜೋಯಿಸರನ್ನು ಕರೆಸ್ತಾಳೆ. ಬುರುಜೇ ಆಗಲಿ."

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಹಳೇ ಕಲ್ಲೊಂದು ಸಿಕ್ಕಾಗ ಅದು ಏನು ಅನ್ನುವುದಕ್ಕಿಂತ ಅದು ಏನಾದರೆ ನಮಗೆ ಅನುಕೂಲ ಅನ್ನುವುದು ಮೊದಲು ತೀರ್ಮಾನವಾಗಿರುತ್ತದೆ. ಅಳಿಯನಿಗೆ ಗಿರಾಕಿ ಬೇಕು, ಅಣ್ಣನಿಗೆ ಮನೆಯಲ್ಲಿ ನೆಮ್ಮದಿ ಬೇಕು. ಇಬ್ಬರಿಗೂ ಬುರುಜೇ ಒಳ್ಳೆಯದು. ನನಗೂ ಆ ಕ್ಷಣ ಬುರುಜೇ ಬೇಕಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಐವತ್ತು ವರ್ಷ ಈ ಗಲ್ಲಿಗಳಲ್ಲಿ ಓಡಾಡಿದ್ದೇನೆ. ಕೋಟೆಯ ಒಂದು ಕಲ್ಲನ್ನಾದರೂ ಕೈಯಲ್ಲಿ ಮುಟ್ಟುವ ಆಸೆ ಯಾರಿಗಿರುವುದಿಲ್ಲ?

ದಾರ, ಅಂಗುಲ, ಲೆಕ್ಕ

ಮರುದಿನ ಬೆಳಿಗ್ಗೆ ಐದಕ್ಕೆ, ಇಡ್ಲಿ ಹಿಟ್ಟು ರುಬ್ಬುವ ಮುಂಚೆ, ನಾನು ಮತ್ತು ಗೌಂಡಿ ಗುಂಡಿಗಿಳಿದೆವು. ಬಕೆಟ್ ನೀರು ಹಾಕಿ ಕಲ್ಲು ತೊಳೆದೆವು. ಮುಂಬೈಯ ಮಾಮೂಲಿ ಕರಿಕಲ್ಲು. ಕೋಟೆಯೂ ಅದರಲ್ಲೇ, ಮನೆಗಳ ಅಡಿಪಾಯವೂ ಅದರಲ್ಲೇ. ಹಾಗಾಗಿ ಕಲ್ಲಿನಿಂದ ಏನೂ ತಿಳಿಯಲಿಲ್ಲ. ಸುಣ್ಣದ ಗಾರೆಯೂ ಸಾಕ್ಷಿಯಲ್ಲ. ಇಪ್ಪತ್ತನೇ ಶತಮಾನ ಬಂದ ಮೇಲೂ ಈ ಊರಿನಲ್ಲಿ ಸುಣ್ಣದಲ್ಲೇ ಕಟ್ಟಿದ್ದಾರೆ. ಅಳಿಯನ ಮೂರು ಸಾಕ್ಷಿಗಳಲ್ಲಿ ಎರಡು ಅಲ್ಲಿಗೇ ಬಿದ್ದವು.

ಉಳಿದದ್ದು ಬಾಗು. ಗೋಡೆಯ ಒಳಬಾಗಿಗೆ ನಾಲ್ಕು ಅಡಿ ಉದ್ದದ ದಾರ ಕಟ್ಟಿ ಬಿಗಿಯಾಗಿ ಎಳೆದೆವು. ದಾರದ ನಡುಮಧ್ಯದಿಂದ ಕಲ್ಲಿಗೆ ಎಷ್ಟು ದೂರ ಅಂತ ಅಳೆದೆ. ಆರು ಅಂಗುಲ. ಇಷ್ಟು ಸಿಕ್ಕರೆ ಪೂರ್ತಿ ವೃತ್ತ ಎಷ್ಟು ದೊಡ್ಡದು ಅಂತ ಹೇಳಬಹುದು. ದಾರದ ಅರ್ಧ 24 ಅಂಗುಲ. 24ನ್ನು 24ರಿಂದ ಗುಣಿಸಿದರೆ 576. ಅದನ್ನು 6ರಿಂದ ಭಾಗಿಸಿದರೆ 96. ಅದಕ್ಕೆ ಆ 6 ಕೂಡಿಸಿದರೆ 102 ಅಂಗುಲ, ಅಂದರೆ ಎಂಟೂವರೆ ಅಡಿ. ಅದು ವೃತ್ತದ ಅಡ್ಡಳತೆ. ಇನ್ನೆರಡು ಕಡೆ ಅಳೆದೆ, ಹೆಚ್ಚುಕಡಿಮೆ ಅದೇ ಬಂತು.

ಎಂಟೂವರೆ ಅಡಿ ಒಳಗಲದ ಬುರುಜಿನಲ್ಲಿ ಫಿರಂಗಿ ಇಡುವುದು ಹಾಗಿರಲಿ, ಇಬ್ಬರು ಕಾವಲುಗಾರರು ಊಟಕ್ಕೆ ಕೂತರೆ ಮೂರನೆಯವನು ನಿಂತಿರಬೇಕು.

ಅದಕ್ಕಿಂತ ಗಟ್ಟಿ ಸಾಕ್ಷಿ ಕಲ್ಲಿನ ಮುಖದಲ್ಲಿತ್ತು. ಗುಂಡನೆಯ ಗೋಡೆಗೆ ಕಲ್ಲನ್ನು ಬೆಣೆಯ ಹಾಗೆ ಕಡೆಯುತ್ತಾರೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅಗಲದ ಮುಖ ಹೊರಗೆ, ಕಿರಿದು ಒಳಗೆ. ಬುರುಜಾದರೆ ಜನ ನೋಡುವುದು, ಶತ್ರು ಹೊಡೆಯುವುದು ಹೊರಗಿನ ಮುಖವನ್ನು. ಹಾಗಾಗಿ ಉಳಿ ಆಡಿಸಿ ನಯ ಮಾಡುವುದು ಅದನ್ನೇ. ಬಾವಿಯಾದರೆ ಉಲ್ಟಾ. ಹೊರಗಿನ ಮುಖ ಮಣ್ಣಲ್ಲಿ ಹೂತುಹೋಗುತ್ತದೆ, ಅದನ್ನು ಯಾರು ನಯ ಮಾಡುತ್ತಾರೆ? ಕೊಡ ತಾಗುವುದು, ಕಣ್ಣಿಗೆ ಕಾಣುವುದು ಒಳಗಿನ ಕಿರಿದಾದ ಮುಖ. ನಮ್ಮ ಗುಂಡಿಯಲ್ಲಿ ಕಿರಿದಾದ ಮುಖದ ಮೇಲೆ ಉಳಿಯ ಗೆರೆಗಳು ಸಾಲಾಗಿ, ಒತ್ತಾಗಿ ಇದ್ದವು. ಗೌಂಡಿ ಒಂದು ಕಲ್ಲಿನ ಹಿಂದೆ ಕೈ ತೂರಿಸಿ ತಡವಿದ. "ಹಿಂದ ಖಡಕ್ ಅದ ರೀ, ಬರೇ ಒಡದ ಕಲ್ಲು." ನಾನೂ ಕೈ ಹಾಕಿದೆ. ಬೆರಳು ತರಚಿತು.

ಮಣ್ಣಿನ ಸಾಕ್ಷಿಯನ್ನು ಅವನು ಮೊದಲೇ ಕಂಡಿದ್ದ. ಬಾಗಿನ ಹೊರಗೆ ಗಟ್ಟಿ ಮೊರಂ, ಹಾರೆ ಹಾಕಿದರೆ ಕಿಡಿ ಬರುವಂಥದ್ದು. ಒಳಗೆ ಮೆತ್ತಗಿನ ತುಂಬು ಮಣ್ಣು. ಅದರಲ್ಲಿ ಒಡೆದ ಮಂಗಳೂರು ಹೆಂಚು, ಇದ್ದಿಲು, ಹಸಿರು ಬಾಟಲಿಯ ಚೂರು. ಹೆಂಚಿನ ಚೂರೊಂದನ್ನು ಅಣ್ಣ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಆ ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ್ದು 1865ರಲ್ಲಿ. ಅಂದರೆ ಈ ಗುಂಡಿ ತುಂಬಿದ್ದು ಅದಕ್ಕಿಂತ ಈಚೆಗೇ.

ಹಗ್ಗದ ಗೀರು ಸಿಗುತ್ತದೇನೋ ಅಂತ ಹುಡುಕಿದೆ. ಸಿಗಲಿಲ್ಲ. ಬಾವಿಕಟ್ಟೆಯ ಮೇಲಿನ ಸಾಲುಗಳನ್ನು ಮುಚ್ಚುವಾಗಲೇ ಕಿತ್ತು ಬೇರೆಲ್ಲೋ ಬಳಸಿರಬೇಕು. ಒಳ್ಳೆ ಕಲ್ಲನ್ನು ಯಾರೂ ಬಿಡುವುದಿಲ್ಲ.

ಈ ಊರಿನಲ್ಲಿ ಮುಚ್ಚಿದ ಬಾವಿ ಅಪರೂಪವೇನಲ್ಲ. ವಿಹಾರ ಕೆರೆಯ ನೀರು 1860ರಲ್ಲಿ ಕೊಳವೆಯಲ್ಲಿ ಬರುವ ತನಕ ಜನ ಬಾವಿ, ಕೆರೆಯನ್ನೇ ನಂಬಿದ್ದರು. ಆಮೇಲೆ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಲೇರಿಯಾ ಸೊಳ್ಳೆಯ ಹೆದರಿಕೆಗೆ ಎಷ್ಟೋ ಬಾವಿ ಮುಚ್ಚಿಸಿದರು. ಚರ್ಚ್‌ಗೇಟ್ ಹತ್ತಿರದ ಭಿಖಾ ಬೆಹ್ರಾಮ್ ಬಾವಿ 1725ರದ್ದು. ಪಾರಸಿಗಳು ಪೂಜಿಸುವ ಬಾವಿಯಾದ್ದರಿಂದ ಇವತ್ತಿಗೂ ಉಳಿದಿದೆ. ನಮ್ಮ ಗಲ್ಲಿಯ ಬಾವಿಗೆ ಅಂಥ ದಿಕ್ಕು ಇರಲಿಲ್ಲ.

ಹಾಗಾದರೆ ಬುರುಜು ಎಲ್ಲಿತ್ತು?

ಅಳಿಯ ಸಪ್ಪಗಾದ. ಆದರೆ ಜಗಳವಾಡಲಿಲ್ಲ, ಒಳ್ಳೇ ಪ್ರಶ್ನೆ ಕೇಳಿದ. "ಸರಿ ಸರ್, ಇದಲ್ಲ. ಹಾಗಾದರೆ ನಿಜವಾದ್ದು ಎಲ್ಲಿ?"

ಅವನ ಬೋರ್ಡಿನಲ್ಲಿ ಎರಡು ತಪ್ಪಿದ್ದವು. ಒಂದು, ಮಧ್ಯಯುಗ. ಮುಂಬೈ ಪೇಟೆಯ ಸುತ್ತಲಿನ ಗೋಡೆ ಅಷ್ಟು ಹಳೇದಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಈ ದ್ವೀಪ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಸಿಕ್ಕಿದ್ದು 1668ರಲ್ಲಿ. ಪೇಟೆಗೆ ಗೋಡೆ ಎದ್ದದ್ದು ಗವರ್ನರ್ ಚಾರ್ಲ್ಸ್ ಬೂನ್ ಕಾಲದಲ್ಲಿ, 1715ರ ಮೇಲೆ. ಸಮುದ್ರದಲ್ಲಿ ಮರಾಠರ ನೌಕಾದಳದ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ಹೆದರಿಕೆ. 1739ರಲ್ಲಿ ಮರಾಠರು ಪೋರ್ಚುಗೀಸರಿಂದ ವಸಯಿ ಗೆದ್ದುಕೊಂಡ ಮೇಲೆ ನೆಲದ ಕಡೆಯ ಹೆದರಿಕೆಯೂ ಸೇರಿತು. ಆಗ ಗೋಡೆಯ ಹೊರಗೆ ಕಂದಕ ತೋಡಿದರು. ಅದಕ್ಕೆ ಪೇಟೆಯ ವ್ಯಾಪಾರಿಗಳೇ 30,000 ರೂಪಾಯಿ ವಂತಿಗೆ ಕೊಟ್ಟರು. ಒಂದು ತಮಾಷೆ ನೋಡಿ, ಆಂಗ್ರೆಗೆ ಹೆದರಿ ಕೂತಿದ್ದ ಕಂಪನಿಯ ಬಾಂಬೆ ಕ್ಯಾಸಲ್, ಅಂದರೆ ಗೋಡೆಯೊಳಗಿನ ಹಳೇ ಕೋಟೆಮನೆ, ಈಗ ನೌಕಾಪಡೆಯ ಕೈಯಲ್ಲಿದೆ, ಅದರ ಹೆಸರು ಐಎನ್‌ಎಸ್ ಆಂಗ್ರೆ.

ಎರಡನೇ ತಪ್ಪು ಆ ಗುಂಡನೆಯ ಗೋಪುರದ್ದೇ. ಫಿರಂಗಿ ಬರುವ ಮುಂಚೆ ಎತ್ತರವೇ ಬಲ. ಮೇಲೆ ನಿಂತವನು ದೂರ ನೋಡುತ್ತಾನೆ, ಏಣಿ ಹಾಕಿದವನ ತಲೆ ಮೇಲೆ ಕಲ್ಲು ಹಾಕುತ್ತಾನೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಕಾವಲು ಗೋಪುರ, ಹುಡೇವು, ಇವತ್ತಿಗೂ ಹಾಗೇ ಊರ ನಡುವೆ ಎದ್ದು ನಿಂತಿರುತ್ತದೆ. ಫಿರಂಗಿ ಬಲವಾದ ಮೇಲೆ ಎತ್ತರದ ಗೋಪುರ ಗುರಿ ಇಡುವವನಿಗೇ ಅನುಕೂಲವಾಯಿತು. ಆಗ ಯುರೋಪಿನ ಎಂಜಿನಿಯರುಗಳು ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿ, ಒಳಗೆ ಮಣ್ಣು ತುಂಬಿದರು. ಗುಂಡನೆಯ ಬುರುಜಿನ ಬದಲು ಬಾಣದ ತುದಿಯ ಹಾಗೆ ಚೂಪಾಗಿ ಮುಂದೆ ಚಾಚಿದ ಕೊತ್ತಲ ಬಂತು. ಗುಂಡನೆಯ ಬುರುಜಿನ ಬುಡದಲ್ಲಿ ಪಕ್ಕದ ಕಾವಲುಗಾರನ ಗುಂಡು ತಲುಪದ ಒಂದು ಮರೆ ಇರುತ್ತದೆ. ಚೂಪು ಕೊತ್ತಲದಲ್ಲಿ ಆ ಮರೆ ಇಲ್ಲ. ಮುಂಬೈ ಗೋಡೆ ಈ ಎರಡನೇ ಜಾತಿಯದು. ಅಂದರೆ ಅಳಿಯ ಹುಡುಕುತ್ತಿದ್ದ ಬುರುಜು ಕಾಣೆಯಾದದ್ದಲ್ಲ. ಅಂಥದ್ದು ಈ ಗೋಡೆಯಲ್ಲಿ ಇರಲೇ ಇಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಅವನನ್ನು ನಡೆಸಿಕೊಂಡು ಹೋದೆ. ಗೌಂಡಿಯೂ ಬಂದ, ಅವನಿಗೆ ರಜೆ.

ಹೊರಟದ್ದು ಬಜಾರ್‌ಗೇಟಿನ ವಾಡಿಯಾ ಗಡಿಯಾರ ಗೋಪುರದಿಂದ. ಅದು 1882ರದ್ದು, ಕೋಟೆ ಹೋದ ಮೇಲೆ ಬಂದದ್ದು. ಅಲ್ಲಿಂದ ಬೋರಾ ಬಜಾರಿನ ಗಲ್ಲಿಗಳಲ್ಲಿ ಪಶ್ಚಿಮಕ್ಕೆ ಹೋದರೆ ಆಕಾಶ ಒಂದು ಪಟ್ಟಿ ಮಾತ್ರ. ಎರಡು ಕೈಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು. ಗೋಡೆಯೊಳಗೆ ಜಾಗ ಕಮ್ಮಿ, ಜನ ಜಾಸ್ತಿ. 1803ರ ಫೆಬ್ರವರಿಯ ಬೆಂಕಿ ಇಂಥ ಗಲ್ಲಿಗಳಲ್ಲೇ ಹಬ್ಬಿ ಪೇಟೆಯ ದೊಡ್ಡ ಭಾಗವನ್ನು ಸುಟ್ಟಿತು. ನಡೆಯುತ್ತ ನಡೆಯುತ್ತ ಒಮ್ಮೆಲೇ ದಾದಾಭಾಯಿ ನವರೋಜಿ ರಸ್ತೆ. ಅಗಲ, ಬೆಳಕು, ಕಮಾನಿನ ಸಾಲು. ಒಂದೇ ಹೆಜ್ಜೆಯಲ್ಲಿ ಊರು ಬದಲಾದ ಹಾಗೆ. ಹೋಟೆಲಿನ ಗಲ್ಲಿಯಿಂದ ಅಲ್ಲಿಗೆ ನನ್ನ ಹೆಜ್ಜೆಯಲ್ಲಿ 260 ಆಯಿತು.

"ಇಲ್ಲಿ ನಿಲ್ಲು" ಅಂದೆ. "ಗೋಡೆ ಈ ಅಂಚಿನಲ್ಲಿ ಹೋಗುತ್ತಿತ್ತು. ನಿಮ್ಮ ಹೋಟೆಲು ಊರ ಹೊಟ್ಟೆಯೊಳಗೆ."

ಈ ರಸ್ತೆಯ ಹಳೇ ಹೆಸರು ಹಾರ್ನ್‌ಬಿ ರಸ್ತೆ. ಕಮಾನುಗಳು ಅಂದಕ್ಕೆ ಸುಮ್ಮನೆ ಬಂದವಲ್ಲ. ಪಾದಚಾರಿಗಳಿಗೆ ನೆರಳಿರಬೇಕು ಅಂತ 1896ರಲ್ಲಿ ನಿಯಮ ಮಾಡಿ ಕಟ್ಟಿಸಿದ್ದು. ದಕ್ಷಿಣಕ್ಕೆ ನಡೆದರೆ ಫ್ಲೋರಾ ಫೌಂಟನ್. ಚರ್ಚ್ ಗೇಟ್ ಎನ್ನುವ ಕೋಟೆ ಬಾಗಿಲು ನಿಂತಿದ್ದ ಜಾಗ ಇದು. ನಮ್ಮ ಕಡೆ ಆಗಿದ್ದರೆ ಅಗಸಿ ಅನ್ನುತ್ತಿದ್ದೆವು. 1718ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚಿಗೆ ಹೋಗುವ ಬಾಗಿಲು, ಅದಕ್ಕೇ ಆ ಹೆಸರು. ಬಾಗಿಲು ಹೋಯಿತು. ಹೆಸರು ಮಾತ್ರ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೆದು ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದೆ. ದಿನಾ ಲಕ್ಷಾಂತರ ಜನ ಚರ್ಚ್‌ಗೇಟಿನಲ್ಲಿ ಇಳಿಯುತ್ತಾರೆ. ಗೇಟು ಎಲ್ಲಿ ಅಂತ ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ. ಕಾರಂಜಿಯ ರಿಪೇರಿ ವೇಳೆ ಕೆಲವು ವರ್ಷದ ಹಿಂದೆ ಇಲ್ಲಿ ಅಗೆದಾಗ ಸಿಕ್ಕಿದ್ದು ಟ್ರಾಮ್ ಹಳಿ. ಟ್ರಾಮ್ ನಿಂತದ್ದೇ 1964ರಲ್ಲಿ. ನೋಡಿದವರು ಈಗಲೂ ಇದ್ದಾರೆ, ಆದರೂ ಜನ ಬೆರಗಿನಿಂದ ಫೋಟೋ ತೆಗೆದರು.

ಕೊನೆಗೆ ಕಾಲಾ ಘೋಡಾ. ಇಲ್ಲೊಂದು ರಸ್ತೆಗೆ ರಾಂಪಾರ್ಟ್ ರೋ ಅನ್ನುತ್ತಿದ್ದರು, ಅಂದರೆ ಕೋಟೆಗೋಡೆಯ ಸಾಲು. ಈಗ ಹೆಸರು ಬೇರೆ, ಆದರೆ ಹಳಬರ ಬಾಯಲ್ಲಿ ಅದೇ ಉಳಿದಿದೆ. ದಕ್ಷಿಣದ ಅಪೊಲೊ ಗೇಟಿನಿಂದ ಉತ್ತರದ ಬಜಾರ್ ಗೇಟಿನ ತನಕ ಪೂರಾ ಕೋಟೆ ಸುಮಾರು ಒಂದು ಮೈಲಿ ಉದ್ದ. ಅಗಲವಾದ ಕಡೆ ಮೈಲಿಯ ಮೂರನೇ ಒಂದು ಭಾಗ. ಅಷ್ಟೇ. ರಾತ್ರಿ ಬಾಗಿಲು ಹಾಕುತ್ತಿದ್ದರು.

"ಇಷ್ಟು ದೊಡ್ಡ ಗೋಡಿ ಎಲ್ಲಿ ಹೋತ್ರಿ?" ಅಂತ ಗೌಂಡಿ ಕೇಳಿದ. ಕೆಡವಿದವನ ಲೆಕ್ಕ ಕಟ್ಟುವವನಿಗೇ ಗೊತ್ತಾಗುವುದು. ಎಷ್ಟು ಗಾಡಿ, ಎಷ್ಟು ಆಳು ಅಂತ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ.

1862ರಲ್ಲಿ ಬಾರ್ಟಲ್ ಫ್ರೇರ್ ಗವರ್ನರ್ ಆಗಿ ಬಂದಾಗ ಗೋಡೆಯಿಂದ ಉಪಯೋಗ ಉಳಿದಿರಲಿಲ್ಲ, ಉಪದ್ರವ ಇತ್ತು. ಕಂದಕದ ನೀರು ನಾರುತ್ತಿತ್ತು. 1853ರಿಂದ ಬೋರಿ ಬಂದರಿನಲ್ಲಿ, ಗೋಡೆಯ ಆಚೆಯೇ, ರೈಲು ಓಡುತ್ತಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು, ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದ ಕಾಲ ಅದು. ಊರಲ್ಲಿ ದುಡ್ಡು ಕುಣಿಯುತ್ತಿತ್ತು. ಗೋಡೆ ಕೆಡವಲು ಸಮಿತಿ ಮಾಡಿದರು, ಕೆಲವೇ ವರ್ಷಗಳಲ್ಲಿ ನೆಲಸಮ. ಫಿರಂಗಿಗೆ ಬಯಲಿರಲಿ ಅಂತ ಹೊರಗೆ ಖಾಲಿ ಬಿಟ್ಟಿದ್ದ ಎಸ್ಪ್ಲನೇಡ್ ಜಾಗ ಊರಿಗೆ ಸಿಕ್ಕಿತು. ಅಲ್ಲೇ ಹೈಕೋರ್ಟು, ರಾಜಾಬಾಯಿ ಗೋಪುರ ಎದ್ದವು. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಕಟ್ಟಡಗಳ ಸಾಲು ಗೋಡೆ ಬಿದ್ದದ್ದರಿಂದಲೇ ಹುಟ್ಟಿದ್ದು. ನನ್ನನ್ನು ಕೇಳಿದರೆ ಕೆಡವಿದ್ದು ಸರಿಯೇ. ಒಂದು ಕೊತ್ತಲವನ್ನಾದರೂ ಬಿಡಬಹುದಿತ್ತು, ಅಷ್ಟು ಸಿಟ್ಟಿದೆ.

ವಾಪಸು ಬರುವಾಗ ಒಂದು ಸಮಾಧಾನ ಕೊಡಿಸಿದೆ. ಸೇಂಟ್ ಜಾರ್ಜ್ ಆಸ್ಪತ್ರೆ ಇರುವ ಜಾಗದಲ್ಲಿ ಮೊದಲು ಡೋಂಗ್ರಿ ಕೋಟೆಯ ಗುಡ್ಡ ಇತ್ತು. ಅಲ್ಲಿ 1769ರಲ್ಲಿ ಮೊದಲಿನ ಕೋಟೆಗೆ ಸೇರಿಸಿ ಫೋರ್ಟ್ ಜಾರ್ಜ್ ಅನ್ನುವ ಇನ್ನೊಂದು ಕೋಟೆ ಬಂತು. ಅದೂ 1860ರ ದಶಕದಲ್ಲೇ ಹೋಯಿತು. ಆದರೆ ಗೋಡೆಯ ಒಂದು ತುಂಡು ಆಸ್ಪತ್ರೆಯ ಹತ್ತಿರ ಇನ್ನೂ ಇದೆ. ತಗ್ಗಿನದು, ದಪ್ಪನೆಯದು, ಕಪ್ಪು ಬಣ್ಣದ್ದು. ಅಳಿಯ ಹತ್ತಿರ ಹೋಗಿ ನೋಡಿ, "ಇಷ್ಟೇನಾ?" ಅಂದ. ಹೊರಗೆ ಬಂದರೆ ಎದುರಿಗೆ ಜಿಪಿಒ ಗುಮ್ಮಟ. 1913ರಲ್ಲಿ ಮುಗಿದ ಆ ಅಂಚೆ ಕಚೇರಿಗೆ ಮಾದರಿ ನಮ್ಮ ಗೋಳಗುಮ್ಮಟ. "ನಿನ್ನ ವಿಜಯಪುರ ಬೇಕಾದರೆ ಅಲ್ಲಿದೆ ನೋಡು" ಅಂದೆ. ಆಗ ನಕ್ಕ.

ಕೊನೆಗೆ ಆದದ್ದು

ಅಣ್ಣನಿಗೆ ಬಾವಿ ಅಂತಲೇ ಹೇಳಬೇಕಾಯಿತು. ಸುಳ್ಳು ಬೋರ್ಡಿಗೆ ನಾನು ಸಹಿ ಹಾಕುವವನಲ್ಲ. ಅಲ್ಲದೆ ತುಂಬು ಮಣ್ಣಿನ ಮೇಲೆ ಸಾವಿರಾರು ಲೀಟರ್ ನೀರಿನ ಟಾಂಕಿ ಕೂರಿಸಿದರೆ ಒಂದು ಮಳೆಗಾಲದಲ್ಲಿ ಕುಸಿದು, ಪಕ್ಕದ ಗೋಡೆಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಬುರುಜು ಅಂತ ನಂಬಿದ್ದರೆ ಅದರ ಮೇಲೇ ಗಾಜು, ಟೇಬಲ್, ಗಿರಾಕಿ. ಈ ಮಾತು ಅವರ ಕಿವಿಗೆ ಬಿತ್ತು. ಟಾಂಕಿಯನ್ನು ಬಾಗಿನ ಹೊರಗಿನ ಗಟ್ಟಿ ನೆಲಕ್ಕೆ ಸರಿಸಿದೆವು. ಕೆಲಸ ಎಂಟು ದಿನ ತಡವಾಯಿತು. ಖರ್ಚು ಎಷ್ಟು ಹೆಚ್ಚಾಯಿತು ಅಂತ ಅಣ್ಣ ನನಗೆ ಎರಡು ಸಲ ಹೇಳಿದ್ದಾರೆ.

ಮನೆಯವರಿಗೂ ಗೊತ್ತಾಯಿತು, ಜೋಯಿಸರೂ ಬಂದರು. ಬಾವಿಗೆ ಉಸಿರು ಬಿಡಬೇಕು, ಪೂರ್ತಿ ಮುಚ್ಚಬಾರದು ಅಂದರು. ಗೌಂಡಿ ಎರಡು ಇಂಚಿನ ಪಿವಿಸಿ ಪೈಪನ್ನು ತುಂಬು ಮಣ್ಣಿಗೆ ಇಳಿಸಿ, ತುದಿಯನ್ನು ನೆಲದಿಂದ ಒಂದು ಗೇಣು ಮೇಲೆ ಬಿಟ್ಟು, ಮೇಲೆ ಜಾಳಿಗೆಯ ಮುಚ್ಚಳ ಹಾಕಿದ. ಉಳಿದದ್ದಕ್ಕೆ ಕಾಂಕ್ರೀಟು.

ಮೊನ್ನೆ ಹೋಗಿದ್ದೆ. ಬೋರ್ಡು ಇಲ್ಲ. ಗ್ರೈಂಡರ್ ಪಕ್ಕದಲ್ಲಿ ಪೈಪು ಹಾಗೇ ಇದೆ. ಹೊಸ ಮಾಣಿಯೊಬ್ಬ, ಕೋಟದ ಕಡೆಯವನು, ಅದು ಎಂತದ್ದು ಅಂತ ಕೇಳಿದ. ಅಳಿಯ ಗಲ್ಲಾದಲ್ಲಿ ಕೂತೇ ಉತ್ತರ ಕೊಟ್ಟ: "ಬಾವಿ. ಅದರ ಮೇಲೆ ಒದ್ದೆ ಬಟ್ಟೆ ಹಾಕಬೇಡ."